ಪೆನ್‌ಡ್ರೈವ್ ಲಿನಕ್ಸ್‌ನಲ್ಲಿ ಕನ್ನಡ ಕೀಲಿಮಣೆ: ಅಭ್ಯಾಸ ಬೋಧನೆಗೊಂದು ಪೂರ್ವಸಿದ್ಧತೆ

ಅಭ್ಯಾಸ ಬೋಧನೆಗೆ ಹೋಗುವ ಶಾಲೆಯ ಕಂಪ್ಯೂಟರಿನಲ್ಲಿ ನಮಗೆ ಬೇಕಾದ ತಂತ್ರಾಂಶ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಹೊಸದನ್ನು ಅಳವಡಿಸುವ ಅಧಿಕಾರವೂ ನಮಗಿಲ್ಲ. ಆದ್ದರಿಂದ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ನಾನು ಲಿನಕ್ಸ್ ಇರುವ ಪೆನ್‌ಡ್ರೈವ್ ಬಳಸುತ್ತೇನೆ. ಕಂಪ್ಯೂಟರ್ ಅದರಿಂದಲೇ ಶುರುವಾಗುತ್ತದೆ. ಶಾಲೆಯ ಹಾರ್ಡ್‌ಡಿಸ್ಕಿನಲ್ಲಿ ಏನನ್ನೂ ಅಳವಡಿಸಬೇಕಿಲ್ಲ. ಆದರೆ ಅದರಲ್ಲಿ ಕನ್ನಡ ಕೀಲಿಮಣೆ ಸಿದ್ಧವಿಲ್ಲದಿದ್ದರೆ, ವಿಜ್ಞಾನದ ವೀಕ್ಷಣೆಯನ್ನು ನೋಟ್‌ಬುಕ್ಕಿನಲ್ಲಿ ಸೊಗಸಾಗಿ ಬರೆಯುವ ಮಗು ಪರದೆಯ ಮುಂದೆ ಸುಮ್ಮನೆ ಕೂರುತ್ತದೆ.

ಗುಂಡಿ ಮತ್ತು ಅಕ್ಷರ

"ಸರ್, ಗುಂಡಿ ಮೇಲೆ ಕನ್ನಡವೇ ಇಲ್ಲವಲ್ಲ?" ಎಂಬುದು ಒಂಬತ್ತನೇ ತರಗತಿಯಲ್ಲಿ ನನಗೆ ಎದುರಾದ ಪ್ರಶ್ನೆ. ಗುಂಡಿ ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ಅಕ್ಷರವಲ್ಲ, ಆ ಗುಂಡಿಯ ಸಂಖ್ಯೆ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ ಲಿನಕ್ಸ್‌ನಲ್ಲಿರುತ್ತದೆ. ಆ ಪಟ್ಟಿಯೇ ಲೇಔಟ್. ಪಟ್ಟಿ ಬದಲಿಸಿದರೆ ಅದೇ ಕೀಲಿಮಣೆ ಕನ್ನಡ ಬರೆಯುತ್ತದೆ. ಹೊಸ ಕೀಲಿಮಣೆ ಕೊಳ್ಳಬೇಕಿಲ್ಲ.

ಯಾವ ಲೇಔಟ್?

ಲಿನಕ್ಸ್‌ನಲ್ಲಿ ಎರಡು ಕನ್ನಡ ಲೇಔಟ್‌ಗಳು ಸಿಗುತ್ತವೆ. 'ಕನ್ನಡ' ಎಂದಷ್ಟೇ ಇರುವುದು ಇನ್‌ಸ್ಕ್ರಿಪ್ಟ್. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. 'ಕನ್ನಡ' ಎಂದು ಬರೆಯಲು ಕೆ, ವಿ, ಡಿ, ವಿ, [ ಗುಂಡಿಗಳನ್ನು ಒತ್ತಬೇಕು. ಹಿಂದಿಯ ಇನ್‌ಸ್ಕ್ರಿಪ್ಟ್‌ನಲ್ಲೂ ಅಕ್ಷರಗಳ ಸ್ಥಾನ ಇದೇ ಆದ್ದರಿಂದ, ಒಮ್ಮೆ ಕಲಿತದ್ದು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಎರಡನೆಯದು 'ಕಗಪ'. ನುಡಿ ತಂತ್ರಾಂಶ ಬಳಸಿದವರಿಗೆ ಇದು ಪರಿಚಿತ. ಇದರಲ್ಲಿ ಅದೇ ಪದಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಒತ್ತಿದರೆ ಒತ್ತಕ್ಷರ ಮೂಡುತ್ತದೆ. ಇಂಗ್ಲಿಷ್ ಅಕ್ಷರಗಳ ಸ್ಥಾನ ಬಲ್ಲ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆಂದು ನಾನು ಕಗಪವನ್ನೇ ಆರಿಸಿದೆ. ಯಾವುದನ್ನೇ ಆರಿಸಿದರೂ ತರಗತಿಗೆಲ್ಲ ಒಂದೇ ಇರಲಿ.

ಹೊಂದಿಸುವ ಕ್ರಮ

ನಾನು ಬಳಸುವುದು ಹಳೆಯ ಕಂಪ್ಯೂಟರುಗಳಲ್ಲೂ ಹಗುರಾಗಿ ನಡೆಯುವ ಕ್ಸುಬುಂಟು.

1. ಸೆಟ್ಟಿಂಗ್ಸ್‌ನಲ್ಲಿ 'ಕೀಬೋರ್ಡ್', ಅದರೊಳಗೆ 'ಲೇಔಟ್' ತೆರೆಯಿರಿ.
2. 'ಯೂಸ್ ಸಿಸ್ಟಂ ಡಿಫಾಲ್ಟ್ಸ್' ಆಯ್ಕೆಯನ್ನು ತೆಗೆಯಿರಿ. ಇಲ್ಲದಿದ್ದರೆ ಮುಂದಿನ ಗುಂಡಿಗಳು ಕೆಲಸ ಮಾಡುವುದಿಲ್ಲ.
3. 'ಆ್ಯಡ್' ಒತ್ತಿ, ಭಾರತದ ಲೇಔಟ್‌ಗಳ ಗುಂಪಿನಿಂದ ಕನ್ನಡವನ್ನು ಸೇರಿಸಿ. ಇಂಗ್ಲಿಷನ್ನು ತೆಗೆಯಬೇಡಿ, ಪಾಸ್‌ವರ್ಡ್‌ಗೆ ಅದು ಬೇಕು.
4. ಭಾಷೆ ಬದಲಿಸಲು ಆಲ್ಟ್ ಮತ್ತು ಶಿಫ್ಟ್ ಜೋಡಿಯನ್ನು ಆರಿಸಿ.

ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ದೋಷ ಲೇಔಟ್‌ನದಲ್ಲ. ಕನ್ನಡ ಫಾಂಟ್ ಇಲ್ಲವೆಂದು ಅರ್ಥ. ನೋಟೋ ಅಥವಾ ಲೋಹಿತ್ ಕನ್ನಡ ಫಾಂಟ್ ಹಾಕಿಕೊಳ್ಳಿ.

ಮರೆಯುವ ಪೆನ್‌ಡ್ರೈವ್

ಸಾಮಾನ್ಯ ಲೈವ್ ಪೆನ್‌ಡ್ರೈವ್‌ನಲ್ಲಿ ಮಾಡಿದ ಬದಲಾವಣೆ ರ್‍ಯಾಮ್‌ನಲ್ಲಷ್ಟೇ ಉಳಿದು, ಕಂಪ್ಯೂಟರ್ ಆರಿಸಿದೊಡನೆ ಅಳಿಯುತ್ತದೆ. 40 ನಿಮಿಷದ ಅವಧಿಯಲ್ಲಿ ಪ್ರತಿಸಲವೂ ಮೊದಲಿಂದ ಹೊಂದಿಸುತ್ತ ಕೂತರೆ ಪಾಠಕ್ಕೆ ಸಮಯ ಉಳಿಯದು. ಇದಕ್ಕೆ ಪರಿಹಾರ, ಪೆನ್‌ಡ್ರೈವ್ ತಯಾರಿಸುವಾಗಲೇ ಬದಲಾವಣೆಗಳನ್ನು ಉಳಿಸುವ ಜಾಗ ಮೀಸಲಿಡುವುದು. ವಿಂಡೋಸ್‌ನ ರೂಫಸ್ ತಂತ್ರಾಂಶದಲ್ಲಿ 'ಪರ್ಸಿಸ್ಟೆಂಟ್ ಪಾರ್ಟಿಷನ್ ಸೈಜ್' ಎಂಬಲ್ಲಿ ಇದರ ಅಳತೆ ಕೊಡಬಹುದು. ನಾನು 4 ಜಿಬಿ ಇಟ್ಟಿದ್ದೇನೆ.

ಪಾಠಯೋಜನೆಯ ಪೂರ್ವಸಿದ್ಧತೆಯಲ್ಲಿ ಮೂರು ಸಾಲು ಸೇರಿಸಿಕೊಳ್ಳುವಂತೆ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಲೇಔಟ್ ಬದಲಾಗುತ್ತಿದೆಯೇ, ಫಾಂಟ್ ಕಾಣುತ್ತಿದೆಯೇ, ಕಂಪ್ಯೂಟರ್ ಆರಿಸಿ ಹಚ್ಚಿದ ಮೇಲೂ ಎರಡೂ ಉಳಿದಿವೆಯೇ? ಹಿಂದಿನ ದಿನವೇ ಶಾಲೆಯ ಕಂಪ್ಯೂಟರಿನಲ್ಲಿ ಇವನ್ನು ನೋಡಿಕೊಂಡರೆ ಮರುದಿನದ ಅವಧಿ ಪೂರ್ತಿ ಮಕ್ಕಳ ಬರವಣಿಗೆಗೆ ಸಿಗುತ್ತದೆ.