ಬ್ಯಾಕ್ಟೀರಿಯದೊಳಗಿನ ದ್ವಾರಪಾಲಕರು

ನೂರು ಬಗೆಯ ಅಡಿಗೆ ಬಲ್ಲ ಗೃಹಿಣಿ ದಿನವೂ ನೂರು ಬಗೆಯನ್ನು ಬೇಯಿಸುವುದಿಲ್ಲ. ಮನೆಗೆ ಬಂದವರು ಯಾರು, ಉಗ್ರಾಣದಲ್ಲಿ ಇರುವುದೇನು ಎಂಬುದನ್ನು ನೋಡಿ ಅಂದಿನ ಅಡಿಗೆಯನ್ನು ನಿಶ್ಚಯಿಸುತ್ತಾಳೆ. ಬಲ್ಲದ್ದನ್ನೆಲ್ಲ ಏಕಕಾಲಕ್ಕೆ ಮಾಡಹೊರಟರೆ ಸೌದೆಯೂ ಸಾಲದು, ಸಾಮಾನೂ ಸಾಲದು. ಮನುಷ್ಯರಿಗೆ ಸಹಜವಾದ ಈ ವಿವೇಕ ಕಣ್ಣಿಗೆ ಕಾಣದ, ಮೆದುಳಿಲ್ಲದ, ಒಂದೇ ಕೋಶದ ಬ್ಯಾಕ್ಟೀರಿಯಕ್ಕೂ ಉಂಟು ಎಂದರೆ ಆಶ್ಚರ್ಯವಾಗುವುದಿಲ್ಲವೆ? ಅದು ಅಲ್ಲಿ ಹೇಗೆ ನೆಲೆಗೊಂಡಿದೆ ಎಂಬುದೇ ಇಂದಿನ ಮಾತಿನ ವಿಷಯ.

ನಮ್ಮೆಲ್ಲರ ಕರುಳಿನಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯ ವಾಸವಾಗಿದೆ. ಅದರ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿನಷ್ಟು. ಆದರೆ ಅದರ ಒಡಲಲ್ಲಿ ಮಡಿಸಿಟ್ಟಿರುವ ಡಿ.ಎನ್.ಎ. ಎಳೆಯನ್ನು ಬಿಡಿಸಿ ಹಿಡಿದರೆ ಸುಮಾರು ಒಂದೂವರೆ ಮಿಲಿಮೀಟರ್ ಆದೀತು. ಈ ಎಳೆಯ ಮೇಲಿನ ಬರಹವನ್ನು ವಿಜ್ಞಾನಿಗಳು 1997ರಲ್ಲಿ ಪೂರ್ತಿಯಾಗಿ ಓದಿ ಮುಗಿಸಿದರು. ಅದರಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಸುಮಾರು 4,300 ವಂಶವಾಹಿಗಳಿವೆ. ಒಂದೊಂದು ವಂಶವಾಹಿಯೂ ಒಂದೊಂದು ಪ್ರೋಟೀನನ್ನು ಕಟ್ಟುವ ವಿಧಾನವನ್ನು ತಿಳಿಸುವ ಬರಹವೆನ್ನಬಹುದು. ಎಲ್ಲ ಬರಹವೂ ಸದಾ ಕೈಗೆ ಸಿಗುವಂತೆ ಇದೆ. ಹಾಗಿದ್ದರೂ ಬ್ಯಾಕ್ಟೀರಿಯ ಎಲ್ಲವನ್ನೂ ಸದಾ ಓದುವುದಿಲ್ಲ. ಓದು, ಓದಬೇಡ ಎಂದು ಅದಕ್ಕೆ ಹೇಳುವವರು ಯಾರು?

ಈ ಪ್ರಶ್ನೆ ಮೊಳೆತದ್ದು ಕಷ್ಟದ ಕಾಲದಲ್ಲಿ. 1940ರ ಕೊನೆಯ ದಿನಗಳು. ಪ್ಯಾರಿಸ್ ನಗರ ಜರ್ಮನ್ ಸೈನ್ಯದ ವಶದಲ್ಲಿತ್ತು. ಜಾಕ್ ಮೊನೋ ಎಂಬ ಸಂಶೋಧಕ ಬ್ಯಾಕ್ಟೀರಿಯಗಳಿಗೆ ಎರಡೆರಡು ಬಗೆಯ ಸಕ್ಕರೆಗಳನ್ನು ಒಟ್ಟಿಗೆ ಉಣಿಸಿ ಅವುಗಳ ಬೆಳವಣಿಗೆಯನ್ನು ಅಳೆಯುತ್ತಿದ್ದರು. ಉದಾಹರಣೆಗೆ ಗ್ಲೂಕೋಸನ್ನೂ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನೂ ಬೆರೆಸಿ ಕೊಟ್ಟರೆ ಬ್ಯಾಕ್ಟೀರಿಯಗಳು ಮೊದಲು ಗ್ಲೂಕೋಸನ್ನು ಮಾತ್ರ ತಿಂದು ಬೆಳೆಯುತ್ತವೆ. ಅದು ಮುಗಿದೊಡನೆ ಬೆಳವಣಿಗೆ ಸ್ವಲ್ಪ ಹೊತ್ತು ನಿಂತುಬಿಡುತ್ತದೆ. ಆಮೇಲೆ ಲ್ಯಾಕ್ಟೋಸನ್ನು ತಿನ್ನುತ್ತ ಮತ್ತೆ ಬೆಳೆಯತೊಡಗುತ್ತವೆ. ನಡುವಿನ ಆ ಮೌನದಲ್ಲಿ ನಡೆಯುವುದೇನು? ಲ್ಯಾಕ್ಟೋಸನ್ನು ಒಡೆಯಬಲ್ಲ ಕಿಣ್ವವನ್ನು ಬ್ಯಾಕ್ಟೀರಿಯ ಆಗ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಬೇಕಾಗುವ ತನಕ ಅದನ್ನು ಕಟ್ಟಿರಲಿಲ್ಲ.

ಸಕ್ಕರೆಯೇ ಅಚ್ಚಿನಂತೆ ನಿಂತು ತನಗೆ ತಕ್ಕ ಕಿಣ್ವವನ್ನು ರೂಪಿಸಿಕೊಳ್ಳುತ್ತದೆ ಎಂಬ ಭಾವನೆ ಅಂದು ಪ್ರಚಲಿತವಾಗಿತ್ತು. ಅದು ಹಾಗಲ್ಲವೆಂದು ತೋರಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಆ ನಡುವೆ ಮೊನೋ ಜರ್ಮನರ ವಿರುದ್ಧದ ಗುಪ್ತ ಹೋರಾಟದಲ್ಲಿ ದುಡಿದರು. ಮುಂದೆ ಅವರ ಸಹಚರರಾದ ಫ್ರಾಂಸ್ವಾ ಜಾಕೋಬ್ ಶಸ್ತ್ರವೈದ್ಯರಾಗಬೇಕೆಂದಿದ್ದವರು. 1944ರಲ್ಲಿ ನಾರ್ಮಂಡಿಯ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡು ಆ ಆಸೆಯನ್ನು ಕೈಬಿಡಬೇಕಾಯಿತು. ಯುದ್ಧಾನಂತರ ಇಬ್ಬರೂ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ, ಆಂದ್ರೆ ಲ್ವಾಫ್ ಅವರ ಆಶ್ರಯದಲ್ಲಿ ಕೆಲಸಕ್ಕೆ ತೊಡಗಿದರು.

1957ರಿಂದ ಮುಂದಕ್ಕೆ, ಅಮೆರಿಕದಿಂದ ಬಂದ ಆರ್ಥರ್ ಪಾರ್ಡಿ ಅವರೊಡನೆ ಸೇರಿ, ಇವರು ಒಂದು ಸೊಗಸಾದ ಪ್ರಯೋಗ ನಡೆಸಿದರು. ಬ್ಯಾಕ್ಟೀರಿಯಗಳಲ್ಲಿ ಒಂದು ಇನ್ನೊಂದಕ್ಕೆ ತನ್ನ ಡಿ.ಎನ್.ಎ.ಯನ್ನು ದಾಟಿಸುವ ಬಗೆಯ ಕೂಟವುಂಟು. ಕಿಣ್ವದ ವಂಶವಾಹಿಯೂ ಕೆಟ್ಟಿದ್ದು ನಿಯಂತ್ರಣದ ವಂಶವಾಹಿಯೂ ಕೆಟ್ಟಿದ್ದ ಕೋಶದೊಳಕ್ಕೆ ಈ ಎರಡರ ಸರಿಯಾದ ಪ್ರತಿಗಳನ್ನು ಇವರು ದಾಟಿಸಿದರು. ಲ್ಯಾಕ್ಟೋಸ್ ಇಲ್ಲದಿದ್ದರೂ ಕಿಣ್ವದ ಉತ್ಪಾದನೆ ಒಡನೆಯೇ ಆರಂಭವಾಯಿತು. ಆದರೆ ಒಂದೆರಡು ಗಂಟೆಗಳಲ್ಲಿ ತಾನಾಗಿಯೇ ನಿಂತುಹೋಯಿತು. ಅಂದರೆ, ಹೊಸದಾಗಿ ಬಂದ ನಿಯಂತ್ರಕ ವಂಶವಾಹಿ ಏನನ್ನೋ ತಯಾರಿಸುತ್ತಿದೆ. ಆ ವಸ್ತು ಕೋಶದಲ್ಲಿ ಸಂಚಯವಾದಾಗ ಕಿಣ್ವದ ಉತ್ಪಾದನೆಗೆ ಕಡಿವಾಣ ಬೀಳುತ್ತದೆ. ಆ ವಸ್ತುವನ್ನು ನಾವು ದಮನಕ ಎಂದು ಕರೆಯೋಣ. ಪಂಚತಂತ್ರದ ನರಿ ನೆನಪಾದರೆ ಅಡ್ಡಿಯಿಲ್ಲ. ಇವನೂ ಗಾತ್ರದಲ್ಲಿ ಸಣ್ಣವನು, ಪ್ರಭಾವದಲ್ಲಿ ದೊಡ್ಡವನು.

ಹೀಗೆ ಲ್ಯಾಕ್ಟೋಸ್ ಮಾಡುವ ಕೆಲಸ ಆಜ್ಞೆ ಕೊಡುವುದಲ್ಲ, ಇರುವ ತಡೆಯನ್ನು ತೆಗೆಯುವುದು ಮಾತ್ರ ಎಂದು ತಿಳಿದುಬಂತು. ನಮ್ಮ ಮಾತಿನಲ್ಲಿ 'ಬಾರದೆ ಇರಲಿಲ್ಲ' ಎಂದರೆ 'ಬಂದ' ಎಂದೇ ಅರ್ಥವಾಗುವಂತೆ, ಇಲ್ಲಿಯೂ ಎರಡು ನಿಷೇಧಗಳು ಸೇರಿ ಒಂದು ವಿಧಿಯಾಗುತ್ತವೆ. ಲ್ಯಾಕ್ಟೋಸಿಗೆ ಸಂಬಂಧಿಸಿದ ಮೂರು ವಂಶವಾಹಿಗಳು ಡಿ.ಎನ್.ಎ.ಯ ಮೇಲೆ ಒಂದರ ಪಕ್ಕ ಒಂದು ಇವೆ. ಅವುಗಳ ಮುಂದೆ ಸುಮಾರು 21 ಅಕ್ಷರಜೋಡಿಗಳಷ್ಟು ಉದ್ದದ ಒಂದು ಹೊಸ್ತಿಲು ಇದೆ. ದಮನಕ ಈ ಹೊಸ್ತಿಲನ್ನು ಹಿಡಿದು ಕುಳಿತರೆ ವಂಶವಾಹಿಗಳ ನಕಲು ತೆಗೆಯಬೇಕಾದ ಕಿಣ್ವಕ್ಕೆ ಒಳಗೆ ಹೋಗಲು ದಾರಿಯಿಲ್ಲ. ಹೊಸ್ತಿಲು, ಅದರ ಹಿಂದಿನ ವಂಶವಾಹಿಗಳು, ಈ ಎಲ್ಲವೂ ಸೇರಿದ ಘಟಕಕ್ಕೆ ಜಾಕೋಬ್ ಮತ್ತು ಮೊನೋ ಆಪೆರಾನ್ ಎಂದು ಹೆಸರಿಟ್ಟರು. 1961ರಲ್ಲಿ ಪ್ರಕಟವಾದ ಈ ವಿಚಾರಧಾರೆಯ ನಂತರ, 1965ರಲ್ಲಿ ಇವರಿಬ್ಬರಿಗೂ ಲ್ವಾಫ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ವಿಚಿತ್ರವೆಂದರೆ, ಅಷ್ಟು ಹೊತ್ತಿಗೂ ದಮನಕನನ್ನು ಯಾರೂ ಕಂಡಿರಲಿಲ್ಲ. ಅದು ಪ್ರೋಟೀನಲ್ಲ, ಆರ್.ಎನ್.ಎ. ಇರಬೇಕೆಂದು 1961ರಲ್ಲಿ ಜಾಕೋಬ್, ಮೊನೋ ಊಹಿಸಿದ್ದರು. ಒಂದು ಕೋಶದಲ್ಲಿ ಅದರ ಹತ್ತೋ ಹನ್ನೆರಡೋ ಅಣುಗಳು ಮಾತ್ರ ಇರುವುದರಿಂದ ಹಿಡಿಯುವುದೂ ಕಷ್ಟ. 1966ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನೊ ಮ್ಯುಲರ್-ಹಿಲ್ ಅದನ್ನು ಪ್ರತ್ಯೇಕಿಸಿ, ಅದು ಪ್ರೋಟೀನೇ ಎಂದು ಸಿದ್ಧಪಡಿಸಿದರು. ಮರುವರ್ಷ ಅದೇ ವಿಶ್ವವಿದ್ಯಾನಿಲಯದ ಮಾರ್ಕ್ ಟಾಷ್ನಿ ಇನ್ನೊಂದು ದಮನಕವನ್ನು ಹಿಡಿದರು. ಬ್ಯಾಕ್ಟೀರಿಯದೊಳಗೆ ಹೊಕ್ಕು ತಲೆಮಾರುಗಟ್ಟಲೆ ನಿದ್ರಿಸುವ ಲ್ಯಾಂಬ್ಡಾ ಎಂಬ ವೈರಸ್ಸನ್ನು ಎಚ್ಚರಗೊಳ್ಳದಂತೆ ಇಡುವ ಪ್ರೋಟೀನು ಅದು. ಅತಿನೇರಳೆ ಕಿರಣ ತಾಗಿ ಬ್ಯಾಕ್ಟೀರಿಯದ ಡಿ.ಎನ್.ಎ. ಕೆಟ್ಟಿತೆಂದರೆ ಈ ದಮನಕ ತುಂಡಾಗುತ್ತದೆ. ಅದು ಬಿಟ್ಟ ತಾಣಗಳನ್ನೇ ಕ್ರೋ ಎಂಬ ಇನ್ನೊಂದು ಪ್ರೋಟೀನು ಆಕ್ರಮಿಸುತ್ತದೆ. ಕ್ರೋದಲ್ಲಿರುವುದು ಕೇವಲ 66 ಅಮೈನೊ ಆಮ್ಲಗಳು. ಆದರೆ ಅದು ಅಲ್ಲಿ ಬಂದು ಕುಳಿತರೆ ವೈರಸ್ ಎಚ್ಚತ್ತು, ಮರಿಗಳನ್ನು ಹುಟ್ಟಿಸಿ, ಆಶ್ರಯ ಕೊಟ್ಟ ಕೋಶವನ್ನೇ ಒಡೆದು ಹೊರಬರುತ್ತದೆ.

ಇಷ್ಟು ಕಿರಿಯ ಪ್ರೋಟೀನು 46 ಲಕ್ಷ ಅಕ್ಷರಜೋಡಿಗಳ ನಡುವೆ ತನ್ನ ತಾಣವನ್ನು ಗುರುತಿಸುವುದು ಹೇಗೆ? ಡಿ.ಎನ್.ಎ. ಎರಡೆಳೆಯ ಹುರಿ. ಅದರ ಮೈಮೇಲೆ ಸುತ್ತಿಸುತ್ತಿ ಸಾಗುವ ಒಂದು ಅಗಲವಾದ ತೋಡಿದೆ. ಒಳಗಿನ ಅಕ್ಷರಗಳ ಅಂಚುಗಳು ಆ ತೋಡಿನಲ್ಲಿ ಹೊರಗೆ ತೋರುತ್ತವೆ. 1981 ಮತ್ತು 1982ರಲ್ಲಿ ಕ್ರೋ, ಲ್ಯಾಂಬ್ಡಾ ದಮನಕ ಮೊದಲಾದ ಪ್ರೋಟೀನುಗಳ ಆಕಾರ ಕ್ಷ-ಕಿರಣಗಳ ಮೂಲಕ ತಿಳಿದಾಗ, ಎಲ್ಲದರಲ್ಲೂ ಒಂದೇ ಬಗೆಯ ಅಂಗ ಕಂಡುಬಂತು: ಒಂದು ಸಣ್ಣ ಸುರುಳಿ, ಒಂದು ತಿರುವು, ಮತ್ತೊಂದು ಸುರುಳಿ. ಈ ಎರಡನೆಯ ಸುರುಳಿ ಡಿ.ಎನ್.ಎ.ಯ ತೋಡಿನಲ್ಲಿ ಸರಿಯಾಗಿ ಕೂಡುತ್ತದೆ. ದೃಷ್ಟಿಯಿಲ್ಲದವರು ಬ್ರೈಲ್ ಲಿಪಿಯನ್ನು ಬೆರಳಿನಿಂದ ತಡವಿ ಓದುವಂತೆ, ಹುರಿಯನ್ನು ಬಿಚ್ಚದೆಯೇ ಅದು ಅಕ್ಷರಗಳನ್ನು ತಡವಿ ಓದುತ್ತದೆ.

ಒಂದು ಬೆರಳಿನ ಓದು ಸಾಲದಾದ್ದರಿಂದ ಇವು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ. ಜೋಡಿಯ ಎರಡು ಸುರುಳಿಗಳ ನಡುವಣ ಅಂತರ ಹುರಿಯ ಒಂದು ಸುತ್ತಿನಷ್ಟೇ ಇರುತ್ತದೆ. ಅದಕ್ಕೆ ತಕ್ಕಂತೆ ಹೊಸ್ತಿಲಿನ ಬರಹವೂ ನಮ್ಮ 'ವಿಕಟಕವಿ' ಪದದ ಜಾತಿಯದು. ಒಂದು ಎಳೆಯನ್ನು ಈ ಕಡೆಯಿಂದಲೂ, ಅದರ ಜೊತೆಯ ಎಳೆಯನ್ನು ಆ ಕಡೆಯಿಂದಲೂ ಓದಿದರೆ ಹೆಚ್ಚುಕಡಮೆ ಒಂದೇ ಪಾಠ ಸಿಗುತ್ತದೆ. ಜೋಡಿಯ ಇಬ್ಬರೂ ಒಂದೊಂದು ಅರ್ಧವನ್ನು ಓದಿ ಒಪ್ಪಿದಾಗಲೇ ಹಿಡಿತ ಬಿಗಿಯಾಗುತ್ತದೆ. ತಾಣ ಸಿಗುವ ತನಕ ದಮನಕ ಡಿ.ಎನ್.ಎ.ಯ ಮೈಮೇಲೆ ಜಾರುತ್ತ ಹುಡುಕುತ್ತದೆ. 2007ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಬದುಕಿರುವ ಕೋಶದಲ್ಲೇ ಲ್ಯಾಕ್ಟೋಸ್ ದಮನಕದ ಬಿಡಿ ಅಣುಗಳನ್ನು ಹಿಂಬಾಲಿಸಿದಾಗ, ಅದು ತನ್ನ ಕಾಲದ ಸುಮಾರು 90 ಪಾಲನ್ನು ಹೀಗೆ ಡಿ.ಎನ್.ಎ.ಗೆ ಅಂಟಿಕೊಂಡೇ ಕಳೆಯುವುದು ಕಂಡಿತು.

ಇಲ್ಲೊಂದು ಸಂದೇಹ ಬರಬಹುದು. ದಮನಕವನ್ನು ಹೊಸ್ತಿಲಿನಿಂದ ಎಬ್ಬಿಸುವುದು ನೇರವಾಗಿ ಲ್ಯಾಕ್ಟೋಸ್ ಅಲ್ಲ, ಅದರ ರೂಪಾಂತರವಾದ ಅಲೊಲ್ಯಾಕ್ಟೋಸ್. ಈ ರೂಪಾಂತರವನ್ನು ಮಾಡುವುದು ಮುಚ್ಚಿದ ಬಾಗಿಲಿನ ಹಿಂದಿರುವ ಅದೇ ಕಿಣ್ವ! ಬೀಗದ ಕೈ ಕೋಣೆಯ ಒಳಗೇ ಉಳಿದಂತಾಯಿತಲ್ಲ? ಪರಿಹಾರ ಸರಳವಾಗಿದೆ. ದಮನಕದ ಹಿಡಿತ ಶಾಶ್ವತವಲ್ಲ. ಆಗೊಮ್ಮೆ ಈಗೊಮ್ಮೆ ಅದು ಸಡಿಲುತ್ತದೆ. ಆ ಬಿಡುವಿನಲ್ಲಿ ಕೆಲವೇ ಕಿಣ್ವದ ಅಣುಗಳು ತಯಾರಾಗಿ ಕೋಶದಲ್ಲಿ ಕಾದಿರುತ್ತವೆ. ಲ್ಯಾಕ್ಟೋಸ್ ಬಂದ ಕೂಡಲೆ ಅವುಗಳಿಂದ ಮೊದಲ ಅಲೊಲ್ಯಾಕ್ಟೋಸ್ ಹುಟ್ಟಿ, ದಮನಕದ ಆಕಾರವನ್ನು ಬದಲಿಸಿ, ಬಾಗಿಲು ತೆರೆಸುತ್ತದೆ. ಆಮೇಲೆ ಕಿಣ್ವದ ಪ್ರಮಾಣ ಸುಮಾರು ಸಾವಿರ ಪಟ್ಟು ಏರುತ್ತದೆ. ಇನ್ನೂ ಒಂದು ನಿಬಂಧನೆಯುಂಟು. ಗ್ಲೂಕೋಸ್ ತೀರಿದಾಗ ಮಾತ್ರ ಬೇರೊಂದು ಪ್ರೋಟೀನು ಪಕ್ಕದಲ್ಲಿ ಬಂದು ಕುಳಿತು ನಕಲು ತೆಗೆಯುವ ಕಿಣ್ವವನ್ನು ಕೈಹಿಡಿದು ಕರೆತರುತ್ತದೆ. ಹಾಗಾಗಿ ಲ್ಯಾಕ್ಟೋಸ್ ಇದ್ದು ಗ್ಲೂಕೋಸ್ ಇಲ್ಲದಿರುವಾಗಲೇ ಕೆಲಸ ಭರದಿಂದ ಸಾಗುವುದು. ಮೊನೋ ಕಂಡ ನಡುವಿನ ಮೌನಕ್ಕೆ ಇದೇ ಅರ್ಥ.

ಇದಕ್ಕೆ ವಿರುದ್ಧವಾದ ಏರ್ಪಾಡೂ ಉಂಟು. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಬ್ಯಾಕ್ಟೀರಿಯ ತಾನೇ ತಯಾರಿಸಿಕೊಳ್ಳಬಲ್ಲದು. ಅಲ್ಲಿಯ ದಮನಕ ಸುಮ್ಮನೆ ಹೊಸ್ತಿಲಿನಲ್ಲಿ ಕೂಡುವುದಿಲ್ಲ. ಟ್ರಿಪ್ಟೊಫ್ಯಾನ್ ಸಾಕಷ್ಟಾಗಿ ಅದು ಬಂದು ತನ್ನನ್ನು ಸೇರಿದಾಗ ಮಾತ್ರ ಹೋಗಿ ಕುಳಿತು ತಯಾರಿಕೆಯನ್ನು ನಿಲ್ಲಿಸುತ್ತದೆ.

ಈ ತಿಳಿವಳಿಕೆ ನಮ್ಮ ಬಾಳಿಗೆ ನೇರವಾಗಿ ಒದಗಿದೆ. 1978ರಲ್ಲಿ ಮನುಷ್ಯರ ಇನ್ಸುಲಿನ್ನನ್ನು ಬ್ಯಾಕ್ಟೀರಿಯದಲ್ಲಿ ತಯಾರಿಸಿದಾಗ, ಇನ್ಸುಲಿನ್ನಿನ ಬರಹವನ್ನು ಸೇರಿಸಿದ್ದು ಈ ಲ್ಯಾಕ್ಟೋಸ್ ಹೊಸ್ತಿಲಿನ ಹಿಂದೆಯೇ. 1982ರಲ್ಲಿ ಅಂಥ ಇನ್ಸುಲಿನ್ ಮಧುಮೇಹಿಗಳ ಬಳಕೆಗೆ ಬಂತು.

ಆದರೆ ಇದೇ ವಿದ್ಯೆ ನಮಗೆ ಎದುರಾಗಿಯೂ ನಿಲ್ಲುತ್ತದೆ. ಟೆಟ್ರಾಸೈಕ್ಲಿನ್ ಎಂಬ ಔಷಧಿಯ ಹೆಸರನ್ನು ಕೇಳದವರು ವಿರಳ. ಅದು ಬ್ಯಾಕ್ಟೀರಿಯ ಪ್ರೋಟೀನು ಕಟ್ಟುವುದನ್ನು ತಡೆಯುತ್ತದೆ. ಅನೇಕ ಬ್ಯಾಕ್ಟೀರಿಯಗಳು ಈ ಔಷಧಿಯನ್ನು ಹೊರಕ್ಕೆ ದೂಡುವ ಒಂದು ಪಂಪಿನ ವಂಶವಾಹಿಯನ್ನು ಪಡೆದಿವೆ. ಪಂಪು ಸದಾ ನಡೆದರೆ ಬ್ಯಾಕ್ಟೀರಿಯಕ್ಕೇ ಕೇಡು. ಆದ್ದರಿಂದ ಅದರ ಹೊಸ್ತಿಲಿನಲ್ಲಿ ಒಂದು ದಮನಕ ಕಾವಲಿದೆ. ಆ ದಮನಕ ಟೆಟ್ರಾಸೈಕ್ಲಿನ್ನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಔಷಧಿ ತನ್ನ ಗುರಿಯನ್ನು ಕೆಡಿಸುವಷ್ಟು ಸೇರುವ ಮೊದಲೇ, ಅತ್ಯಲ್ಪ ಪ್ರಮಾಣಕ್ಕೇ ಹೊಸ್ತಿಲನ್ನು ಬಿಟ್ಟೇಳುತ್ತದೆ. ಪಂಪು ತಯಾರಾಗಿ ಔಷಧಿ ಹೊರಬೀಳುತ್ತದೆ. ಈ ವಂಶವಾಹಿಗಳು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಲೂ ಬಲ್ಲವು.

ವೈದ್ಯರ ಮಾತಿಲ್ಲದೆ ಅಂಗಡಿಯಿಂದ ನಾಲ್ಕು ಗುಳಿಗೆ ತಂದು ನುಂಗುವಾಗ ಇದನ್ನು ನೆನೆಯುವುದು ಒಳ್ಳೆಯದು. ಆ ಗುಳಿಗೆ ರೋಗದ ಬ್ಯಾಕ್ಟೀರಿಯವನ್ನಷ್ಟೇ ಅಲ್ಲ, ನಮ್ಮೊಳಗೆ ನಿರುಪದ್ರವಿಯಾಗಿರುವ ಬ್ಯಾಕ್ಟೀರಿಯಗಳನ್ನೂ ಮುಟ್ಟುತ್ತದೆ. ಪಂಪು ಇಲ್ಲದವು ಸಾಯುತ್ತವೆ. ಇರುವವು ಬಾಗಿಲು ತೆರೆದು, ಉಳಿದು, ಹೆಚ್ಚುತ್ತವೆ. ವಂಶವಾಹಿ ಎಂದರೆ ಅಳಿಸಲಾಗದ ಹಣೆಬರಹವೆಂದು ನಾವು ತಿಳಿಯುತ್ತೇವೆ. ಬ್ಯಾಕ್ಟೀರಿಯದಲ್ಲಿ ಬರಹ ಮೊದಲೇ ಇದ್ದರೂ ಅದರ ಯಾವ ಸಾಲನ್ನು ಯಾವಾಗ ಓದಬೇಕೆಂಬುದನ್ನು ಸುತ್ತಲಿನ ಸನ್ನಿವೇಶ ತೀರ್ಮಾನಿಸುತ್ತದೆ. ಆ ಸನ್ನಿವೇಶದಲ್ಲಿ ನಮ್ಮ ಗುಳಿಗೆಯೂ ಸೇರಿದೆ ಎಂಬುದನ್ನು ಮರೆಯಲಾಗದು.