ಪರೀಕ್ಷಾಲಯದ ಮೈಲೇಜು, ರಸ್ತೆಯ ಮೈಲೇಜು

ಲೀಟರಿಗೆ 20 ಕಿ.ಮೀ. ಎಂಬ ಭರವಸೆಯೊಂದಿಗೆ ಬಂದ ನನ್ನ ಕಾರು ಬೆಂಗಳೂರಿನಲ್ಲಿ 13 ಕಿ.ಮೀ. ದಾಟಿಲ್ಲ, ಟ್ಯಾಂಕ್ ತುಂಬಿಸಿದಾಗಲೆಲ್ಲ ಬರೆದಿಟ್ಟ ಲೆಕ್ಕವಿದು. ವಿಚಾರಿಸಿದಾಗ ಮಾರಾಟ ಪ್ರತಿನಿಧಿ, ‘ಸಾರ್, ಅದು ಸರ್ಕಾರಿ ಮೈಲೇಜು’ ಎಂದರು. ಸರ್ಕಾರದಲ್ಲೇ ತಲೆ ನರೆಸಿಕೊಂಡವನಿಗೆ ಆ ಮಾತು ಚುಚ್ಚಿತು. ಆದರೆ ಸುಳ್ಳಲ್ಲ. ಅಧಿಕೃತ ಅಂಕಿ ದೊರೆತದ್ದು ಪರೀಕ್ಷಾಲಯದ ಉರುಳೆಗಳ ಮೇಲೆ, 1,180 ಸೆಕೆಂಡುಗಳ ನಿಗದಿತ ಓಟದಲ್ಲಿ, ಎ.ಸಿ. ಹಾಕದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆ ಅದರಲ್ಲಿಲ್ಲ.

ಅಮೆರಿಕದಲ್ಲಿ 2008ರ ಮಾದರಿಗಳಿಂದಲೇ ಎ.ಸಿ., ಚಳಿ, ಅತಿವೇಗಗಳ ಪರಿಣಾಮವನ್ನೂ ಅಂಕಿಯೊಳಗೆ ಸೇರಿಸಲಾಗಿದೆ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ನನ್ನ ಕಾರಿನ ಅಂತರವೆಂದರೆ 323 ಲೀಟರ್ ಹೆಚ್ಚುವರಿ ಪೆಟ್ರೋಲ್. ಮಧ್ಯಮ ವರ್ಗದ ಮನೆ ಕಾರು ಆರಿಸುವುದು ಈ ಅಂಕಿಯನ್ನು ನೆಚ್ಚಿ. ಎ.ಸಿ. ಹಾಕಿ, ನಗರದ ದಟ್ಟಣೆಯಲ್ಲಿ ಅಳೆದ ಎರಡನೆಯ ಅಂಕಿಯನ್ನೂ ಬೆಲೆಪಟ್ಟಿಯಲ್ಲಿ ಮುದ್ರಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು.