ಬಚ್ಚಲೊಲೆಯವರೆಗೆ ಬಾರದ ನೆರವು

ಧನುರ್ಮಾಸದ ನಸುಕಿನಲ್ಲಿ ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಕಡೆ ಮೊದಲು ಹೊಗೆಯಾಡುವುದು ಬಚ್ಚಲಮನೆ. ಹಂಡೆಯ ಕೆಳಗೆ ಅಡಿಕೆ ಸೋಗೆ, ತೆಂಗಿನ ಮಟ್ಟೆ, ಒಂದೆರಡು ಕುಂಟೆ ಇಟ್ಟು ಬೆಂಕಿ ಹಾಕಿದರೆ ಮನೆಮಂದಿಗೆಲ್ಲ ಮೀಯುವ ನೀರು ಕಾಯುತ್ತದೆ, ಹಿರಿಯರು ಮೈ ಕಾಯಿಸಿಕೊಳ್ಳುವುದೂ ಅಲ್ಲೇ. ಮಲೆನಾಡಿನ ಚಳಿಗಾಲದ ಖರ್ಚೆಂದರೆ ಈ ಒಲೆಯ ಉರುವಲು.

ಹಿಂದೆ ಅದನ್ನು ಕೊಡುತ್ತಿದ್ದದ್ದು ಕಾಡು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ವರದಿ ಬರೆದಾಗ ಸೊರಬ ತಾಲ್ಲೂಕಿನಲ್ಲಿ 171 ಕಾನುಗಳು, ಅಂದರೆ ದಟ್ಟ ನಿತ್ಯಹಸಿರು ಕಾಡಿನ ತುಣುಕುಗಳು, ಇದ್ದವು. ಕಾನು ಕರಗಿ ಅಕೇಶಿಯಾ, ನೀಲಗಿರಿ ತೋಪುಗಳು ಎದ್ದ ಮೇಲೆ ಒಣಗಿದ ಕಟ್ಟಿಗೆ ಆರಿಸಿ ತರುವ ದಾರಿಯೂ ದೂರವಾಯಿತು.

ಸರ್ಕಾರ ಒಲೆಯ ಕಡೆ ನೋಡಿದ್ದು 1983ರಲ್ಲಿ, ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಆಗ ಹಳ್ಳಿಗಳಿಗೆ ಬಂತು. ಬಚ್ಚಲಿಗೂ ಅಂಥದೇ ಒಲೆ ಮಾಡಿದರು. ನನ್ನ ಮಟ್ಟಿಗೆ ಅದೊಂದೇ ಸರಿಯಾದ ಗುರಿಯ ನೆರವು. 2002ರಲ್ಲಿ ಕೇಂದ್ರ ಆ ಕಾರ್ಯಕ್ರಮವನ್ನೇ ಕೈಬಿಟ್ಟಿತು.

2016ರಲ್ಲಿ ಬಂದ ಅಡುಗೆ ಗ್ಯಾಸಿನ ಉಜ್ವಲಾ ಯೋಜನೆ ಅಡುಗೆಮನೆಯ ಹೊಗೆ ತಗ್ಗಿಸಿತು, ಒಳ್ಳೆಯದೇ ಆಯಿತು. ಆದರೆ ಸಿಲಿಂಡರ್ ಗ್ಯಾಸಿನಲ್ಲಿ ಹಂಡೆ ನೀರು ಕಾಯಿಸಲು ಯಾರಿಗೆ ಧೈರ್ಯ ಬರುತ್ತದೆ?

2023ರಲ್ಲಿ ಬಂದ ರಾಜ್ಯದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಆಸೆ ಹುಟ್ಟಿಸಿತು. ಲೆಕ್ಕ ಹಾಕಿ ನೋಡಿ: 15 ಲೀಟರ್ ಬಕೆಟ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಅರ್ಧ ಯೂನಿಟ್ ಕರೆಂಟು ಸಾಕು. ತಲೆಗೆ ದಿನಕ್ಕೊಂದು ಬಕೆಟ್‌ನಂತೆ ನಾಲ್ವರ ಮನೆಗೆ ತಿಂಗಳಿಗೆ 60 ಯೂನಿಟ್ ದಾಟುವುದಿಲ್ಲ. 200 ಯೂನಿಟ್ ಉಚಿತವೆಂದಾಗ ಇದೇನು ಮಹಾ ಎನಿಸುತ್ತದೆ. ಆದರೆ ಎಲ್ಲರಿಗೂ 200 ಸಿಗುವುದಿಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಮಿತಿ ಕಟ್ಟಿದರು. 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಆಮೇಲೆ ಹೆಚ್ಚುವರಿ 10 ಯೂನಿಟ್ ಎಂದು ತಿದ್ದಿದರು. ಆಗಲೇ ಗೀಸರ್ ಇದ್ದ ಮನೆಗೆ ಬಿಸಿನೀರೂ ಉಚಿತದ ಲೆಕ್ಕಕ್ಕೆ ಸೇರಿತು. ಎರಡು ಬಲ್ಬು, ಒಂದು ಫ್ಯಾನಿನಲ್ಲಿ ದಿನ ಕಳೆದ ಮನೆಗೆ ಸೇರಲಿಲ್ಲ. ಅಂಥ ಮನೆಯವರು ಇವತ್ತು ನೀರು ಕಾಯಿಸುವ ಕಾಯಿಲ್ ಹಾಕಿದರೆ ಮಿತಿ ದಾಟಿದ ಪ್ರತಿ ಯೂನಿಟ್‌ಗೂ ದುಡ್ಡು ಕಟ್ಟಬೇಕು. ಬಡವರ ಹಳೆಯ ಬಡತನವನ್ನೇ ಅಳತೆಗೋಲು ಮಾಡಿದಂತಾಯಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸತತ ಏಳು ದಿನ ಸರಾಸರಿ ಉಷ್ಣಾಂಶ ಸೊನ್ನೆಗೆ ಇಳಿದರೆ ಅರ್ಹ ಬಡ ಮನೆಗಳಿಗೆ 25 ಪೌಂಡ್ ಜಮಾ ಆಗುತ್ತದೆ. ನಮ್ಮ ಚಳಿ ಅಷ್ಟು ಕಟುವಲ್ಲ, ಕೇಳುವುದೂ ಅಷ್ಟಲ್ಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮಲೆನಾಡಿನ ಕಡಿಮೆ ಬಳಕೆಯ ಮನೆಗಳಿಗೆ ಗೃಹಜ್ಯೋತಿ ಮಿತಿಯನ್ನು 60 ಯೂನಿಟ್‌ನಷ್ಟು ಏರಿಸಲಿ. ಸೊರಬ, ಶಿಕಾರಿಪುರದ ಗ್ರಾಮಸಭೆಗಳು ಈ ಬೇಡಿಕೆಯನ್ನು ಠರಾವು ಮಾಡಿ ಸರ್ಕಾರಕ್ಕೆ ಕಳಿಸಬೇಕು.